ಜಿಪ್ಸಿಗೆ 31 ಇಂಚಿನ ಟೈರ್: ಮೊದಲು ಆಕ್ಸಲ್ ಗಟ್ಟಿ ಮಾಡಿಕೊಳ್ಳಿ

ಮಾರುತಿ ಜಿಪ್ಸಿ ಕಿಂಗ್‌ಗೆ ಕಂಪನಿ ಕೊಟ್ಟ ಟೈರ್ 205/70 ಆರ್15. ಎತ್ತರ ಸುಮಾರು 26.3 ಇಂಚು. 31 ಇಂಚಿನದು ಹಾಕಿದರೆ ಎತ್ತರ ಶೇ 18ರಷ್ಟು ಜಾಸ್ತಿಯಾಗುತ್ತದೆ. ಮೀಟರ್ 60 ತೋರಿಸುವಾಗ ಗಾಡಿ 70ರ ಮೇಲೆ ಓಡುತ್ತಿರುತ್ತದೆ. ಏರು ಹತ್ತಲು ಆ 1.3 ಲೀಟರ್ ಎಂಜಿನ್‌ಗೆ ದಮ್ಮು ಸಾಲುವುದಿಲ್ಲ. ಆಗ ಆಕ್ಸಿಲರೇಟರ್ ಒತ್ತಿ ಹಿಡಿಯುತ್ತೀರಿ, ಮುರಿಯುವುದು ಆಕ್ಸಲ್.

ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಮಾತು. ಕಂಪನಿಯ ಮೂಲ ವಿನ್ಯಾಸ ಬದಲಿಸಿದ ಗಾಡಿ ರಸ್ತೆಗೆ ಇಳಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಈ ಕೆಲಸ ಎಸ್ಟೇಟ್ ಒಳಗೆ, ಖಾಸಗಿ ಟ್ರ್ಯಾಕ್‌ನಲ್ಲಿ ಓಡಿಸುವ ಗಾಡಿಗೆ ಮಾತ್ರ.

ಶುರು ಮಾಡಬೇಕಾದ್ದು ಮುಂದಿನ ಆಕ್ಸಲ್‌ನಿಂದ. ಚಕ್ರ ತಿರುಗುವ ಜಾಗದಲ್ಲಿ, ಗುಂಡನೆಯ ಹೌಸಿಂಗ್ ಒಳಗೆ ಬರ್ಫೀಲ್ಡ್ ಜಾಯಿಂಟ್ (ಚಕ್ರ ಓರೆಯಾಗಿದ್ದಾಗಲೂ ಶಕ್ತಿ ದಾಟಿಸುವ ಗುಂಡುಗಳ ಕೀಲು) ಇರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಒಡೆಯುವುದು ಇದೇ. ಬಯಲಿನಲ್ಲಿ ಫೋರ್ ವೀಲ್ ಹಾಕಿ, ಸ್ಟಿಯರಿಂಗ್ ಒಂದೇ ಕಡೆ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿ. ಕಟ್ ಕಟ್ ಸದ್ದು ಬಂದರೆ ಜಾಯಿಂಟ್ ಸವೆದಿದೆ.

ಈಗ ಬಿಚ್ಚಿ. ಗಾಡಿ ಸ್ಟ್ಯಾಂಡ್ ಮೇಲೆ ನಿಲ್ಲಲಿ, ಬರೀ ಜಾಕ್ ನಂಬಬೇಡಿ. ಚಕ್ರ, ಬ್ರೇಕ್ ಕ್ಯಾಲಿಪರ್, ಹಬ್, ಸ್ಪಿಂಡಲ್ ಕಳಚಿದರೆ ಶಾಫ್ಟ್ ಹೊರಗೆ ಬರುತ್ತದೆ. ಒಳಗಿನ ಗ್ರೀಸ್ ನೋಡಿ. ಅಂಬಲಿಯ ಹಾಗೆ ತೆಳ್ಳಗಾಗಿದ್ದರೆ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಒಳಗಿನ ಆಯಿಲ್, ಸೀಲ್ ದಾಟಿ ಬಂದಿದೆ ಎಂದರ್ಥ. ಆ ಸೀಲ್ ಬದಲಿಸದೆ ಹೊಸ ಜಾಯಿಂಟ್ ಹಾಕುವುದು ಸುಮ್ನೆ ದುಡ್ಡು ದಂಡ. ಜಾಯಿಂಟ್‌ನ ಆರು ಗುಂಡುಗಳು ಓಡುವ ತೋಡನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಉಗುರಿಗೆ ಗುಳಿ ಸಿಕ್ಕಿದರೆ ಅದನ್ನು ಮತ್ತೆ ಹಾಕಬೇಡಿ. ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ) ಉಕ್ಕಿನ ಜಾಯಿಂಟ್ ಮತ್ತು ಶಾಫ್ಟ್ ಜೊತೆಯಾಗಿಯೇ ಹಾಕಿ. ಒಂದನ್ನೇ ಗಟ್ಟಿ ಮಾಡಿದರೆ ಇನ್ನೊಂದು ಮುರಿಯುತ್ತದೆ. ಇರುವ ದುಡ್ಡಿನಲ್ಲಿ ಮೊದಲ ಪಾಲು ಇದಕ್ಕೇ ಹೋಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಗೇರ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದು. ಹಳೆಯ ಅನುಪಾತವನ್ನು 1.18ರಿಂದ ಗುಣಿಸಿ. 4.1 ಇದ್ದರೆ 4.8ರ ಹತ್ತಿರ ಬೇಕು. ಡಿಫರೆನ್ಷಿಯಲ್ ಒಳಗಿನ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಬದಲಿಸುವುದಾದರೆ ಹಿಂದೆ, ಮುಂದೆ ಎರಡೂ ಕಡೆ ಒಂದೇ ಅನುಪಾತ ಇರಲೇಬೇಕು. ಪಿನಿಯನ್ ಚಿಕ್ಕದಾದಷ್ಟೂ ಹಲ್ಲು ದುರ್ಬಲ ಎಂಬುದೂ ನೆನಪಿರಲಿ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಹಿಂದೆ, ಮುಂದೆ ಹಂಚುವ ಗೇರ್) ಪ್ರತ್ಯೇಕ ಪೆಟ್ಟಿಗೆ. ಕ್ರೌನ್, ಪಿನಿಯನ್ ಬದಲು ಗೇರ್ ಅಲ್ಲೇ ಬದಲಿಸಬಹುದು, ನನಗೆ ಅದೇ ಸರಿ ಅನಿಸುತ್ತದೆ. ಆದರೆ ಹೆಚ್ಚಿದ ಸೆಳೆತವೆಲ್ಲ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಪಿನಿಯನ್ ಮೇಲೆ ಬೀಳುತ್ತದೆ. ಆಕ್ಸಲ್ ಶಾಫ್ಟ್ ಗಟ್ಟಿ ಮಾಡಿದ ಮೇಲೆಯೇ ಇದನ್ನು ಮಾಡಿ.

ಕ್ರೌನ್, ಪಿನಿಯನ್ ಕೂರಿಸುವುದು ಅನುಭವಿ ಮೆಕ್ಯಾನಿಕ್ ಕೆಲಸ. ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ ತೋರಿಸಲು ಹೇಳಿ. ಗುರುತು ಪ್ರತಿ ಹಲ್ಲಿನ ಮಧ್ಯಭಾಗದಲ್ಲಿ ಬೀಳಬೇಕು. ತುದಿಗೋ ಬುಡಕ್ಕೋ ಬಿದ್ದರೆ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ನೋಡಬೇಕು.

ಹೌಸಿಂಗ್‌ಗೆ ಬಲ ಬರಲೆಂದು ಪಟ್ಟಿ ಬೆಸುಗೆ ಹಾಕಿಸುವಾಗ ಒಂದೇ ಕಡೆ ಉದ್ದಕ್ಕೂ ಎಳೆಯಬಾರದು, ಕೊಳವೆ ಬಾಗುತ್ತದೆ. ಅಲ್ಲೊಂದು ಇಲ್ಲೊಂದು ತುಂಡು ಹಾಕಿ, ಆರಲು ಬಿಟ್ಟು ಮುಂದುವರಿಯಲಿ. ಭಾರದ ಟೈರ್ ನಿಲ್ಲಿಸಲು ಬ್ರೇಕ್‌ಗೂ ಶ್ರಮ ಜಾಸ್ತಿ. ಪ್ಯಾಡ್, ಹಿಂದಿನ ಡ್ರಮ್‌ನ ಲೈನಿಂಗ್ ಹೊಸದಿರಲಿ.

ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲ್ ಅನ್ನು ಡಿಫರೆನ್ಷಿಯಲ್ ಒಳಗೆ ಹಾಕಿ. ಹೊಸ ಕ್ರೌನ್, ಪಿನಿಯನ್ ಕೂರಿಸಿದ್ದರೆ ಮೊದಲ ಸಲ ಇಪ್ಪತ್ತು ನಿಮಿಷ ನಿಧಾನಕ್ಕೆ ಓಡಿಸಿ, ಪೂರ್ತಿ ಆರಲು ಬಿಡಿ. ಸುಮಾರು 800 ಕಿಲೋಮೀಟರ್ ಆದ ಮೇಲೆ ಆ ಆಯಿಲ್ ಇಳಿಸಿ. ನುಣ್ಣನೆಯ ಬೂದು ಪುಡಿ ಕಂಡರೆ ಚಿಂತೆಯಿಲ್ಲ. ಹೊಳೆಯುವ ಚಕ್ಕೆ ಸಿಕ್ಕಿದರೆ ಗಾಡಿ ಓಡಿಸದೆ ಡಿಫರೆನ್ಷಿಯಲ್ ಮತ್ತೆ ಬಿಚ್ಚಿಸಿ.