ಡಬಲ್ಡ್ ಡೈ: ಎರಡನೇ ನಾಣ್ಯ ಸಿಗುವವರೆಗೆ ನಾನು ಒಪ್ಪುವುದಿಲ್ಲ

ತುಮಕೂರಿನ ಮಂಡಿಪೇಟೆ ಅಂಗಡಿಗಳ ಚಿಲ್ಲರೆ ತಂದು ಸೋಸಲು ಕೂತರೆ, ಅಕ್ಷರ ಎರಡೆರಡಾಗಿ ಕಾಣುವ ನಾಣ್ಯಗಳು ಸಿಗುತ್ತಲೇ ಇರುತ್ತವೆ. ಅವುಗಳಲ್ಲಿ ಬಹುಪಾಲು ಡಬಲ್ಡ್ ಡೈ (ಅಚ್ಚಿನಲ್ಲೇ ಚಿತ್ರ ಎರಡಾಗಿ ಮೂಡಿದ್ದು) ಅಲ್ಲ, ಬರೀ ಮಷೀನ್ ಡಬ್ಲಿಂಗ್. ಟಂಕಿಸುವಾಗ ಅಚ್ಚು ಸಡಿಲವಾಗಿದ್ದರೆ, ಆಗಷ್ಟೇ ಮೂಡಿದ ಅಕ್ಷರದ ಪಕ್ಕೆಯನ್ನು ಅದು ಜಾರಿ ಒತ್ತಿಬಿಡುತ್ತದೆ.

ನಿಜವಾದ ಡಬಲ್ಡ್ ಡೈನಲ್ಲಿ ತಪ್ಪು ಅಚ್ಚಿನಲ್ಲೇ ಇರುತ್ತದೆ. ‘ಹಬ್’ ಎಂಬ ಉಬ್ಬುಚಿತ್ರದ ಮೂಲ ಮುದ್ರೆಯನ್ನು ಅಚ್ಚಿನ ಉಕ್ಕಿಗೆ ಒಂದು ಸಲ ಒತ್ತಿದರೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಿದ ಉಕ್ಕು ಗಡುಸಾಗುತ್ತದೆ, ಅದನ್ನು ಕಾಯಿಸಿ ಮೆದು ಮಾಡಿ ಮತ್ತೆ ಒತ್ತುತ್ತಿದ್ದರು. ಎರಡನೇ ಸಲ ಕೂದಲೆಳೆಯಷ್ಟು ತಿರುಗಿದರೂ ಅಚ್ಚಿನಲ್ಲಿ ಎರಡು ಚಿತ್ರ ನಿಲ್ಲುತ್ತವೆ. ಅಮೆರಿಕದ 1955ರ ಕೆಲವು ಒಂದು ಸೆಂಟ್ ನಾಣ್ಯಗಳು ಹಾಗೆಯೇ ಆದವು, ಅವುಗಳ ಇಸವಿ ಬರಿಗಣ್ಣಿಗೇ ಎರಡಾಗಿ ಕಾಣುತ್ತದೆ.

ಮೊದಲು ಇಸವಿ, ಆಮೇಲೆ ಟಂಕಸಾಲೆಯ ಗುರುತು ನೋಡಿ ವಿಂಗಡಿಸುತ್ತೇನೆ: ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಆಮೇಲೆ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಅಂದರೆ ಸಣ್ಣ ಭೂತಗನ್ನಡಿ. ಸ್ಟೀಲ್ ರೂಪಾಯಿ ಕಣ್ಣು ಕುಕ್ಕುವಷ್ಟು ಹೊಳೆಯುವುದರಿಂದ ಟೇಬಲ್ ಲ್ಯಾಂಪಿಗೆ ಬಟರ್ ಪೇಪರ್ ಕಟ್ಟಿ, ಬೆಳಕನ್ನು ಒಂದೇ ಪಕ್ಕದಿಂದ ತಗ್ಗಾಗಿ ಬಿಡುತ್ತೇನೆ. ನಾಣ್ಯವನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸುತ್ತೇನೆ. ಬೆಳಕಿನ ಜೊತೆ ಜಾಗ ಬದಲಿಸುವ ಎರಡನೇ ಗೆರೆ ಬರೀ ನೆರಳು.

ನಿಲ್ಲುವ ಗೆರೆಯನ್ನು ಹತ್ತಿರದಿಂದ ನೋಡಬೇಕು. ಹಿಂದಿಯ ‘ಭಾರತ್’ ಪದದ ತಲೆಗೆರೆಯ ಪಕ್ಕದಲ್ಲಿ ಚಪ್ಪಟೆಯಾಗಿ, ತಗ್ಗಾಗಿ, ಮೆಟ್ಟಿಲಿನಂತೆ ಮಿನುಗುವ ಪಟ್ಟಿ ಇದ್ದು, ಮೂಲ ಗೆರೆ ಸಣ್ಣಗಾಗಿದ್ದರೆ ಅದು ಮಷೀನ್ ಡಬ್ಲಿಂಗ್. ಡಬಲ್ಡ್ ಡೈನಲ್ಲಿ ಅಕ್ಷರ ಸಣ್ಣಗಾಗುವುದಿಲ್ಲ, ದಪ್ಪವಾಗುತ್ತದೆ. ಎರಡೂ ಗೆರೆ ದುಂಡಗೆ ಉಬ್ಬಿರುತ್ತವೆ, ನಡುವೆ ಸೀಳು ಕಾಣುತ್ತದೆ. ಜಾರ್ಜ್ ದೊರೆಗಳ ಕಾಲದ ಕಾಲಾಣೆಯಲ್ಲಾದರೆ ಇಂಗ್ಲಿಷ್ ಅಕ್ಷರಗಳ ಬಾಲದ ಮೂಲೆಯಲ್ಲಿ ಆ ಸೀಳು ಚೆನ್ನಾಗಿ ಸಿಗುತ್ತದೆ. ಅಕ್ಷರದ ಸುತ್ತ ಮಂಜಿನಂತೆ ಹರಡಿದ್ದು, ನಾಣ್ಯದ ಖಾಲಿ ಬಯಲು ಕಿತ್ತಳೆ ಸಿಪ್ಪೆಯಂತೆ ಒರಟಾಗಿದ್ದರೆ ಅದು ಸವೆದ ಅಚ್ಚು.

ಜಾರಿದ ದಿಕ್ಕನ್ನೂ ಬರೆದಿಡುತ್ತೇನೆ. ಹಬ್ ನಡುಮಧ್ಯದ ಮೇಲೆ ತಿರುಗಿದ್ದರೆ ಅಂಚಿನ ಅಕ್ಷರಗಳಲ್ಲಿ ಅಂತರ ಹೆಚ್ಚು, ಮಧ್ಯದಲ್ಲಿ ಕಡಿಮೆ. ಅಂಚಿನ ಒಂದು ಬಿಂದುವಿನ ಮೇಲೆ ತಿರುಗಿದ್ದರೆ ಎದುರು ಅಂಚಿನಲ್ಲಿ ಅತಿ ಹೆಚ್ಚು. ಈ ಲೆಕ್ಕಕ್ಕೆ ಬಾರದೆ ಒಂದೇ ಅಂಕಿ ಮಾತ್ರ ಎರಡಾಗಿದ್ದರೆ ನನಗೆ ಅನುಮಾನ.

ಇಷ್ಟಾದರೂ ನಾನು ಅದನ್ನು ಡಬಲ್ಡ್ ಡೈ ಎಂದು ಬರೆಯುವುದಿಲ್ಲ. ತಪ್ಪು ಅಚ್ಚಿನದ್ದಾದರೆ ಆ ಅಚ್ಚಿನ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಅಂತರ ಇರಲೇಬೇಕು. ಮಷೀನ್ ಡಬ್ಲಿಂಗ್ ಒಂದು ಹೊಡೆತದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹಾಗಾಗಿ ಎರಡನೇ ನಾಣ್ಯ ಹುಡುಕುತ್ತೇನೆ, ಜೊತೆಗೆ ಅಚ್ಚಿನ ಬೇರೆ ಗುರುತನ್ನೂ. ಅಚ್ಚಿನ ಬಿರುಕು, ಪಾಲಿಶ್ ಗೀರು ನಾಣ್ಯದ ಮೇಲೆ ಉಬ್ಬಿರುತ್ತವೆ. ನಾಣ್ಯಕ್ಕೇ ಬಿದ್ದ ಗೀರು ತಗ್ಗಾಗಿರುತ್ತದೆ. ಸಿಂಹದ ಬದಿಯ ಅಚ್ಚು ಬೇರೊಂದು ಹಿಂಬದಿ ಅಚ್ಚಿನ ಜೊತೆ ಕೂಡಿರಬಹುದು, ಆದ್ದರಿಂದ ಎರಡೂ ಬದಿ ಹೊಂದಲೇಬೇಕೆಂದಿಲ್ಲ. ಈ ಹುಡುಕಾಟ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇಲ್ಲ.

ಫೋಟೋ ನೋಡಿ ಮಾತ್ರ ದುಡ್ಡು ಕೊಡಬೇಡಿ. ಕೈ ನಡುಗಿದರೂ, ಮೊಬೈಲ್ ತಾನಾಗಿ ಅಂಚು ತೀಡಿದರೂ ಇಲ್ಲದ ಜೋಡಿ ಗೆರೆ ಹುಟ್ಟುತ್ತದೆ. ಲೂಪಿನಲ್ಲಿ ಕಂಡದ್ದನ್ನೇ ಸ್ಟ್ಯಾಂಡಿಗೆ ಮೊಬೈಲ್ ಕಟ್ಟಿ, ಎರಡು ಕೋನದ ಬೆಳಕಿನಲ್ಲಿ ತೆಗೆಯಿರಿ.

ತೊಳೆಯುವುದಂತೂ ಬೇಡವೇ ಬೇಡ. ನಮ್ಮ ಕಡೆ ಹುಣಸೆಹಣ್ಣಿಗೇನೂ ಬರವಿಲ್ಲ, ಹಳೇ ಕಾಲಾಣೆ ಕಂಡೊಡನೆ ಪೂಜೆ ಪಾತ್ರೆಯಂತೆ ಉಜ್ಜಿಬಿಡುತ್ತಾರೆ. ಹುಳಿ ಮೇಲ್ಮೈಯನ್ನು ತಿನ್ನುತ್ತದೆ, ಉಜ್ಜಿದಾಗ ಆ ಸಣ್ಣ ಸೀಳಿನ ಅಂಚೂ ದುಂಡಾಗಿ ಮುಚ್ಚಿಹೋಗುತ್ತದೆ. ಮೆತ್ತನೆಯ ಪಿವಿಸಿ ಜೇಬಿನ ಆಲ್ಬಂ ಕೂಡ ಬೇಡ, ತಾಮ್ರ ಬೆರೆತ ನಾಣ್ಯಕ್ಕೆ ಅದರಿಂದ ಹಸಿರು ಜಿಗುಟು ಹತ್ತುತ್ತದೆ. ನಾನು ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕಿಟಕಿಯಿರುವ ರಟ್ಟಿನ ಹೋಲ್ಡರಿನಲ್ಲಿಟ್ಟು, ಮೇಲೆ ಇಸವಿ, ಗುರುತು, ಜಾರಿದ ದಿಕ್ಕು ಬರೆದು, ಜೋಡಿ ಸಿಗದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ.