ವ್ಯಾನಿನಲ್ಲಿ ಮನೆಯ ಫ್ರಿಜ್ ಓಡಿಸಿದ್ದು

ಕೋಲಾರದಿಂದ ಮುಳಬಾಗಿಲು ತಲುಪುವಷ್ಟರಲ್ಲಿ ನಮ್ಮ ವ್ಯಾನಿನ ಫ್ರಿಜ್ ಮತ್ತೆ ನಿಂತಿತ್ತು. ಒಳಗೆ ಅಮ್ಮನ ಇನ್ಸುಲಿನ್. ತೆರೆಯದ ಶೀಶೆಗೆ 2ರಿಂದ 8 ಡಿಗ್ರಿ ತಂಪು ಬೇಕೇ ಬೇಕು. ನನಗೆ ಜೀವವೇ ಬಾಯಿಗೆ ಬಂದಿತ್ತು.

ಮನೆಯ ಫ್ರಿಜ್ ತಂದದ್ದೇ ತಪ್ಪು ಎಂದರು ಹಲವರು. ಅಲ್ಲ. ಓಡುತ್ತಿರುವ ಕಂಪ್ರೆಸರ್‌ಗೆ ಸುಮಾರು 100 ವಾಟ್ ಸಾಕು; ಶುರುವಾಗುವ ಕ್ಷಣದಲ್ಲಿ ಮಾತ್ರ ಹಲವು ಪಟ್ಟು ಎಳೆಯುತ್ತದೆ. 12 ವೋಲ್ಟ್ ಬ್ಯಾಟರಿಯಿಂದ 1000 ವಾಟ್ ಎಂದರೆ 80 ಆಂಪಿಯರ್‌ಗೂ ಹೆಚ್ಚು! ನಮ್ಮ ಉದ್ದನೆಯ, ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿದು ಇನ್ವರ್ಟರ್ ಆರಿಹೋಗುತ್ತಿತ್ತು. ಮೀಟರ್ ಹಿಡಿದಾಗಲೇ ಇದು ತಿಳಿದದ್ದು.

ಇನ್ವರ್ಟರನ್ನು ಬ್ಯಾಟರಿಯ ಪಕ್ಕಕ್ಕೇ ತಂದು, ದಪ್ಪ ತಾಮ್ರದ ಕೇಬಲ್ ಎಳೆದು, ಬ್ಯಾಟರಿಯ ಬಳಿಯೇ ಫ್ಯೂಸ್ ಕೂರಿಸಿದೆ. ದಯವಿಟ್ಟು ಫ್ಯೂಸ್ ಬಿಡಬೇಡಿ, ಬೆಂಕಿಯ ವಿಷಯ.

ಮೊನ್ನೆ ತಿರುಪತಿಗೆ ಹೋಗಿ ಬಂದೆವು. ಶೀಶೆಯ ಪಕ್ಕದ ಥರ್ಮಾಮೀಟರ್ ದಾರಿಯುದ್ದಕ್ಕೂ 5 ಡಿಗ್ರಿಯ ಆಸುಪಾಸಿನಲ್ಲೇ ಇತ್ತು.