ಬೆಲೆ ಹಾಕುವ ಮುಂಚೆ ಖಾಲಿ ಆವರಣ

‘ಬೀಜೋಕ್ತಿಯ ಬೆಲೆ ಕಂಡುಹಿಡಿಯಿರಿ’ ಎಂಬ ಲೆಕ್ಕ ಹೇಳಿಕೊಡುವಾಗ ನಾನು ಮಕ್ಕಳಿಗೆ ಮೊದಲು ಸಂಖ್ಯೆ ಮುಟ್ಟಲು ಬಿಡುವುದಿಲ್ಲ. ಅಕ್ಷರ ಇರುವ ಕಡೆಯೆಲ್ಲ ಖಾಲಿ ಆವರಣ ಬರೆಸುತ್ತೇನೆ.

ಅ = −3, ಬ = −2 ಆದಾಗ 2ಅ² − 3ಅಬ − ಬ ಎಷ್ಟು? ಮೊದಲ ಸಾಲು ಹೀಗೆ:

2(  )² − 3(  )(  ) − (  )

ಇಲ್ಲಿ ಲೆಕ್ಕವೇ ಇಲ್ಲ, ಸುಮ್ನೆ ನಕಲು. ಎರಡನೇ ಸಾಲಿನಲ್ಲಿ ಸಂಖ್ಯೆಗಳನ್ನು ಅವುಗಳ ಚಿಹ್ನೆ ಸಮೇತ ಆವರಣದೊಳಗೆ ತುಂಬಬೇಕು:

2(−3)² − 3(−3)(−2) − (−2)

ಮೊದಲು ವರ್ಗ: (−3)² ಅಂದರೆ 9, ಅದರ ಎರಡರಷ್ಟು 18. ನಡುವಿನ ಪದದಲ್ಲಿ ಎರಡು ಮೈನಸ್ ಗುಣಿಸಿ 6, ಮುಂದಿರುವ −3 ಸೇರಿ −18. ಕೊನೆಯದು +2. ಉತ್ತರ 2.

ಜಾಸ್ತಿ ಎಡವುವುದು ಆ ವರ್ಗದ ಹತ್ತಿರವೇ. ಆವರಣ ಬಿಟ್ಟು −3² ಎಂದು ಬರೆದರೆ ವರ್ಗ ಆಗುವುದು 3 ಮಾತ್ರ, ಬೆಲೆ −9. ಇದರಲ್ಲಿ ಯಂತ್ರಗಳಿಗೂ ಒಮ್ಮತವಿಲ್ಲ! ಎಕ್ಸೆಲ್‌ನಲ್ಲಿ =-3^2 ಕೊಟ್ಟರೆ 9 ಬರುತ್ತದೆ, ಪೈಥಾನ್‌ನಲ್ಲಿ -3**2 (ಈ ಪ್ರೋಗ್ರಾಮಿಂಗ್ ಭಾಷೆಯಲ್ಲಿ ** ಅಂದರೆ ಘಾತ) ಕೊಟ್ಟರೆ −9. ಆವರಣ ಹಾಕಿದರೆ ಎರಡೂ ಕಡೆ 9. ಇನ್ನು, ಅ = 5 ಇದ್ದಾಗ 3ಅ ಅನ್ನು 35 ಎಂದು ಓದುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. 3(5) ಎಂದು ಬರೆದವರಿಗೆ ಆ ಗೊಂದಲವೇ ಬರುವುದಿಲ್ಲ.

ಬೆಲೆಗಳು ದೊಡ್ಡದಿದ್ದರೆ ತುಂಬುವ ಮುಂಚೆ ಒಮ್ಮೆ ಬೀಜೋಕ್ತಿಯನ್ನೇ ನೋಡಿ ಅನ್ನುತ್ತೇನೆ. ಅ = 97, ಬ = 3 ಆದಾಗ ಅ² + 2ಅಬ + ಬ² ಕೇಳಿದರೆ 97ರ ವರ್ಗ ಯಾಕೆ ಬೇಕು? ಅದು (ಅ + ಬ)² ಅಲ್ವಾ, 100ರ ವರ್ಗ, 10000.

ಇದೇ ಕೆಲಸ ತಾಳೆ ನೋಡಲೂ ಆಗುತ್ತದೆ, ನನಗೆ ಇದೇ ಹೆಚ್ಚು ಇಷ್ಟ. (ಅ + ಬ)² = ಅ² + ಬ² ಎಂದು ಯಾರಾದರೂ ಬರೆದರೆ ವಾದ ಮಾಡುವುದಿಲ್ಲ. ‘3, 5 ಹಾಕಿ ನೋಡು’ ಅನ್ನುತ್ತೇನೆ. ಒಂದು ಕಡೆ 64, ಇನ್ನೊಂದು ಕಡೆ 34. ಅಲ್ಲಿಗೆ ಮುಗಿಯಿತು. ಆದರೆ 0 ಕೊಡಲು ಬಿಡಬಾರದು: ಅ = 0 ಆದರೆ ಎರಡೂ ಕಡೆ ಬ² ಬಂದು ತಪ್ಪು ಮುಚ್ಚಿಹೋಗುತ್ತದೆ. 1 ಹಾಕಿದರೆ ಘಾತದ ತಪ್ಪು ಕಾಣುವುದಿಲ್ಲ, 1ರ ಎಲ್ಲ ಘಾತವೂ 1. 2 ಕೂಡ ನಂಬಿಕಸ್ಥ ಅಲ್ಲ, 2², 2×2, 2+2 ಎಲ್ಲವೂ 4. ಎರಡು ಕಡೆ ಬೇರೆ ಬೇರೆ ಬಂದರೆ ತಪ್ಪು ಖಚಿತ. ಒಂದೇ ಬಂದರೆ ಇನ್ನೊಂದು ಜೋಡಿ ಹಾಕಿಸುತ್ತೇನೆ, ಈ ಸಲ ಒಂದು ಋಣ ಸಂಖ್ಯೆ ಸೇರಿಸಿ.